ಮಾವಯ್ಯನ ಶಾಯಿ ಕಾಣದ ಪೆನ್ನು

ಒಗೆಯುವ ಮೊದಲು ಅಂಗಿಯ ಜೇಬನ್ನು ಒಮ್ಮೆ ಮೂಸಿ ನೋಡುವುದು ನನ್ನ ಅಭ್ಯಾಸ. ಗಂಡನ ಮೇಲೆ ಅನುಮಾನ ಅಂತ ತಿಳಿಯಬೇಡಿ. ನಮ್ಮನೆಯವರು ಉಪ್ಪುಂದದಲ್ಲಿ ದೋಣಿ ಇಂಜಿನ್ನಿನ ಮೆಕ್ಯಾನಿಕ್ಕು. ಅವರ ಅಂಗಿಗೆ ಹತ್ತಿದ್ದು ಸೀಮೆಎಣ್ಣೆಯೋ, ಗ್ರೀಸೋ, ಮೀನಿನ ನೀರೋ ಎಂದು ಮೂಗಿಗೆ ತಿಳಿದರೆ ಯಾವ ಸೋಪು, ಎಷ್ಟು ಸಲ ಕುಸುಬುವುದು ಎಂದು ಕೈಗೆ ತಿಳಿಯುತ್ತದೆ. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಬಂದ ವಿದ್ಯೆ ಇದೊಂದೇ.

ಕಳೆದ ಭಾನುವಾರ ಕೈಗೆ ಬಂದ ಅಂಗಿಯ ಎಡಜೇಬಿನ ತಳದಲ್ಲಿ ನೀಲಿ ಕಲೆ ಇತ್ತು. ಮೂಗಿಗೆ ಹಿಡಿದೆ. ಶಾಯಿ! ಈ ಮನೆಯಲ್ಲಿ ಶಾಯಿ ಪೆನ್ನೇ ಇಲ್ಲ. ಮಗಳು ಬರೆಯುವುದೆಲ್ಲ ಮೊಬೈಲಿನಲ್ಲಿ, ಅದೂ ಹೆಬ್ಬೆರಳಿನಿಂದ. ಇವರಂತೂ ಸಹಿ ಹಾಕುವುದಕ್ಕೂ ಪಕ್ಕದಲ್ಲಿ ನಿಂತವರ ಪೆನ್ನನ್ನೇ ಕೇಳುವ ಜನ. ಆದರೂ ಆ ಕಲೆ ನನಗೆ ಹೊಸದಲ್ಲ. ಅದೇ ಜಾಗ, ಅದೇ ಆಕಾರ, ಅದೇ ಕೆಳಗೆ ಇಳಿದ ಬಾಲ. ಒಗೆಯುವ ಕಲ್ಲಿನ ಮುಂದೆ ನಿಂತು ಒಬ್ಬಳೇ ನಗತೊಡಗಿದೆ. ಬೇಲಿಯಾಚೆ ಬಟ್ಟೆ ಹರವುತ್ತಿದ್ದ ಗಿರಿಜಕ್ಕ ಇಣುಕಿದರು.

"ಎಂತ ಹೆಣೆ, ಒಬ್ಳೇ ನೆಗಾಡ್ತೆ? ಮಂಡೆ ಸಮ ಇತ್ತಲೆ?"

ತಲೆಯೇನೋ ಸರಿಯಾಗಿಯೇ ಇದೆ. ಆದರೆ ಯಾಕೆ ನಕ್ಕೆ ಎಂದು ಬೇಲಿಯ ಮೇಲಿಂದ ಹೇಳಿ ಮುಗಿಸುವ ಕಥೆ ಅಲ್ಲ ಅದು. ನೀವಾದರೆ ಪುರಸೊತ್ತಿನಲ್ಲಿ ಇದ್ದೀರಿ. ನಿಮಗೆ ಹೇಳುತ್ತೇನೆ.

ನನ್ನ ತವರು ಕುಂದಾಪುರದ ಕೋಡಿ. ಅಪ್ಪಯ್ಯನದು ಮೀನಿನ ವ್ಯಾಪಾರ. ಅಪ್ಪಯ್ಯನ ಅಕ್ಕನ ಗಂಡನನ್ನು ಊರೆಲ್ಲ ಬೊಂಬಾಯಿ ಮಾವಯ್ಯ ಎಂದು ಕರೆಯುತ್ತಿತ್ತು. ಅವರು ಬೊಂಬಾಯಿಯಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿ, ಸಾಕೆನಿಸಿದಾಗ ಕೋಡಿಗೇ ಬಂದು ಅತ್ತೆಯೊಡನೆ ನಮ್ಮ ಪಕ್ಕದಲ್ಲೇ ನೆಲೆಸಿದರು. ಬರುವಾಗ ಎಲ್ಲರೂ ತರುವ ಹಾಗೆ ಟೇಪ್‌ರೆಕಾರ್ಡರು, ಅತ್ತರು, ಹೊಳೆಯುವ ಸೀರೆ ತಂದರು. ಜೊತೆಗೆ ಯಾರೂ ತರದ ಒಂದು ಪೆನ್ನನ್ನೂ ತಂದರು. ಕ್ಯಾಂಟೀನಿಗೆ ದಿನಾ ಚಾ ಕುಡಿಯಲು ಬರುತ್ತಿದ್ದ ಪಾರ್ಸಿ ಮುದುಕರೊಬ್ಬರು, "ನಿನ್ನ ಚಾಕ್ಕೆ ಇದು ನನ್ನ ಕಾಣಿಕೆ" ಎಂದು ಕೊಟ್ಟದ್ದಂತೆ. ಚಾ ಅಷ್ಟು ಚೆನ್ನಾಗಿತ್ತೇ ಎಂದು ಕೇಳಬೇಡಿ. ಮಾವಯ್ಯನ ಕೈಯ ಚಾ ನಾನು ಕುಡಿದಿದ್ದೇನೆ. ಪಾರ್ಸಿ ಮುದುಕರು ದೊಡ್ಡ ಮನಸ್ಸಿನವರು.

ಪೆನ್ನು ಮಾತ್ರ, ಆಹಾ! ಕಡು ಕಪ್ಪು ಮೈ. ಬುಡದಿಂದ ಮೇಲಕ್ಕೆ ಬಿಚ್ಚಿಕೊಂಡ ಚಿನ್ನದ ಗೆರೆಗಳು, ಸೂರ್ಯ ಆಗಷ್ಟೇ ಗುಡ್ಡದ ಹಿಂದಿನಿಂದ ಎದ್ದ ಹಾಗೆ. ಮುಚ್ಚಳದ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಹಸಿರು ಪಟ್ಟಿ, ಜೇಬಿಗೆ ಸಿಕ್ಕಿಸುವ ಕಡ್ಡಿಯ ತುದಿಯಲ್ಲಿ ಒಂದು ಪುಟ್ಟ ಬೀಸಣಿಗೆ. "ಬೊಂಬಾಯಿ ಸಮುದ್ರದ ಬದಿ ಹಳೆ ಬಿಲ್ಡಿಂಗ್ ಇತ್ತ್ ಕಾಣಿ, ಅದ್ರದ್ದೇ ಡಿಸೈನು" ಎಂದು ಮಾವಯ್ಯ ವಿವರಿಸುತ್ತಿದ್ದರು. ಬೊಂಬಾಯಿ ಕಾಣದ ನಮ್ಮ ಅಮ್ಮಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು.

"ಯಾವ ಬಿಲ್ಡಿಂಗೂ ಅಲ್ಲ. ಇದ್ ಯಕ್ಷಗಾನದ ವೇಷದವ್ರ್ ತಲಿಗೆ ಕಟ್ಟೂ ಕೇದಗೆ ಮುಂದಲೆ. ನಮ್ಮೂರಿನ್ದೇ ಕದ್ಕಂಡ್ ಹೋಯಿ ಮಾಡಿದ್ದ್."

ಹೋದ ತಿಂಗಳು ಮಗಳಿಗೆ ಆ ಪೆನ್ನನ್ನು ವರ್ಣಿಸಿದಾಗ ಅವಳು ಮೊಬೈಲಿನಲ್ಲಿ ಏನೋ ಒತ್ತಿ, "ಇದಾ ಅಮ್ಮ?" ಎಂದು ಅಂಥದ್ದೇ ಸಾಲು ಸಾಲು ಪೆನ್ನು ತೋರಿಸಿದಳು. ಆರ್ಟ್ ಡೆಕೊ ಅಂತೆ ಅದರ ಹೆಸರು. ಮುತ್ತಜ್ಜನ ಕಾಲದಲ್ಲಿ ವಿಲಾಯತಿಯವರು ಕಟ್ಟಡ, ಹಡಗು, ಕುರ್ಚಿ, ಕನ್ನಡಿ ಎಲ್ಲದರ ಮೇಲೂ ಬಿಡಿಸುತ್ತಿದ್ದ ಅಲಂಕಾರವಂತೆ. ಈಗಿನವರು ಅದನ್ನು ಪೆನ್ನಿನ ಮೇಲೆ ಇಳಿಸಿ ಶ್ರೀಮಂತರಿಗೆ ಮಾರುತ್ತಾರೆ. ಇನ್ನೊಂದು ಜಾತಿಯೂ ಇದೆ. ಅದರಲ್ಲಿ ಬರೀ ಬಳ್ಳಿ, ಹೂವು, ಜಡೆ ಬಿಚ್ಚಿ ನಿಂತ ಹೆಂಗಸರು. ಮಾವಯ್ಯ ಅದನ್ನು ತಂದಿದ್ದರೆ ಅಮ್ಮಮ್ಮ ಚಾವಡಿ ಹತ್ತಿಸುತ್ತಿರಲಿಲ್ಲ. ಕೆಳಗೆ ಬೆಲೆ ಬರೆದಿತ್ತು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದೆ. ಸೊನ್ನೆಗಳು ಕಡಿಮೆಯಾಗಲಿಲ್ಲ.

ಇಂಥ ಪೆನ್ನಿಗೆ ಮಾವಯ್ಯ ಒಂದೇ ಒಂದು ಹನಿ ಶಾಯಿ ಹಾಕಿದವರಲ್ಲ. "ಶಾಯಿ ಕಂಡ್ರೆ ಪೆನ್ನಿನ ಮರ್ಯಾದಿ ಹೋತ್" ಎನ್ನುವುದು ಅವರ ಸಿದ್ಧಾಂತ. ಅವರು ಬರೆಯುವುದು ಎರಡು ರೂಪಾಯಿಯ ರೀಫಿಲ್ ಪೆನ್ನಿನಲ್ಲಿ, ಅದರ ಬುಡ ಕಚ್ಚಿ ಕಚ್ಚಿ ಚಪ್ಪಟೆಯಾಗಿರುತ್ತಿತ್ತು. ದೊಡ್ಡ ಪೆನ್ನು ಜೇಬಿನಲ್ಲಿ ಕೂತು ಊರು ನೋಡಲಿಕ್ಕೆ. ಆಯುಧ ಪೂಜೆಯ ದಿನ ಬಲೆ, ಕತ್ತಿ, ತಕ್ಕಡಿಗಳ ಸಾಲಿನಲ್ಲಿ ಅದನ್ನೂ ಮಲಗಿಸಿ ಕುಂಕುಮ ಹಚ್ಚುತ್ತಿದ್ದರು. ಒಮ್ಮೆ ನಾನು ತಡೆಯಲಾರದೆ, "ಮಾವಯ್ಯ, ಕೆಲಸ ಮಾಡ್ದೇ ಇದ್ದದ್ದಕ್ಕೂ ಪೂಜೆ ಇತ್ತಾ?" ಎಂದು ಕೇಳಿದೆ. "ನಿಂಗೂ ಮೂರ್ ಹೊತ್ ಊಟ ಹಾಕ್ತಿಲ್ಯಾ ಹೆಣೆ?" ಎಂದರು. ಅಲ್ಲಿಗೆ ನನ್ನ ಬಾಯಿ ಬಂದ್.

ಕೆಲಸ ಮಾಡುತ್ತಿರಲಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಅದಕ್ಕೊಂದು ಕೆಲಸ ಇತ್ತು. ಮಾವಯ್ಯನ ಹವ್ಯಾಸ ಸಂಬಂಧ ಕೂಡಿಸುವುದು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರ ಮನೆಯಲ್ಲಿ ಮದುವೆಗೆ ಬಂದ ಹುಡುಗಿ, ಯಾರ ಮನೆಯಲ್ಲಿ ಕೂದಲು ಉದುರುವ ಮೊದಲು ಮದುವೆಯಾಗಬೇಕಾದ ಹುಡುಗ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಹೆಣ್ಣು ನೋಡಲು ಹೊರಟ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿ, ಕಾಲರು ಸರಿ ಮಾಡಿ, ತಮ್ಮ ಜೇಬಿನ ಪೆನ್ನನ್ನು ತೆಗೆದು ಅವನ ಜೇಬಿಗೆ ಸಿಕ್ಕಿಸುತ್ತಿದ್ದರು. "ತಲೆ ಬಗ್ಸಬೇಡ, ಎದೆ ಮುಂದ್ ಇಟ್ಕ. ಪೆನ್ನಂಗೆ ಬರೂಕೆ ಹೋಯ್ಬೇಡ." ವಾಪಸು ಬಂದ ಕೂಡಲೇ ಪೆನ್ನು ಮಾವಯ್ಯನ ಜೇಬಿಗೆ. ಆ ಪೆನ್ನು ಸಿಕ್ಕಿಸಿಕೊಂಡು ಹೋದವನಿಗೆ ಹೆಣ್ಣು ಸಿಗದೆ ಇದ್ದದ್ದಿಲ್ಲ ಎಂದು ನಮ್ಮ ಕಡೆ ಗಂಡಸರು ಒಳಗೊಳಗೇ ಮಾತಾಡಿಕೊಳ್ಳುತ್ತಿದ್ದರು. ನಮಗೆ ಹೆಂಗಸರಿಗೆ ಇದು ಗೊತ್ತಿರಲಿಲ್ಲ. ಅಂದರೆ, ಗೊತ್ತಿಲ್ಲ ಎಂದು ಗಂಡಸರು ನಂಬಿದ್ದರು.

ತೊಂಬತ್ತೇಳು, ತೊಂಬತ್ತೆಂಟರ ಹೊತ್ತಿಗೆ ನನ್ನ ಸರದಿ ಬಂತು.

ಮೊದಲು ಬಂದವನು ಬ್ರಹ್ಮಾವರದ ಕಡೆಯವನು. ನಾನು ಕಾಪಿ ತಟ್ಟೆ ಹಿಡಿದು ಬಂದು ತಲೆ ಎತ್ತಿದರೆ ಮೊದಲು ಕಂಡದ್ದು ಅವನ ಮುಖ ಅಲ್ಲ, ಜೇಬಿನಲ್ಲಿ ಫಳಫಳ ಹೊಳೆಯುತ್ತಿದ್ದ ಬೀಸಣಿಗೆ. ಅರೆ, ಇದು ಮಾವಯ್ಯನದಲ್ಲವೇ! ಮಾವಯ್ಯನ ಕಡೆ ನೋಡಿದೆ. ಅವರು ಮಾಡಿನ ಹಂಚು ಎಣಿಸುತ್ತಿದ್ದರು. ನನ್ನೊಳಗಿನ ಕಿಡಿಗೇಡಿ ಎದ್ದು ಕೂತಳು.

"ಒಂಚೂರ್ ಪೆನ್ ಕೊಡ್ತ್ರಿಯಾ? ಚಿಕ್ಕಮ್ಮನ ಮನೆ ಫೋನ್ ನಂಬ್ರ ಬರ್ಕಣ್ಕಿತ್ತ್."

ಪಾಪ, ಕೊಟ್ಟ. ನಾನು ಕ್ಯಾಲೆಂಡರಿನ ಹಿಂದೆ ಗೀಚಿದೆ. ಕಾಗದ ಹರಿಯಿತೇ ಹೊರತು ಅಕ್ಷರ ಮೂಡಲಿಲ್ಲ. "ಬೆಳಗಿಂದ ಬರ್ದ್ ಬರ್ದ್ ಶಾಯಿ ಖಾಲಿ ಆಯ್ತ್" ಎಂದ. ಮಾವಯ್ಯನಿಗೆ ಕೆಮ್ಮು ಬಂತು. ಅವರು ಹೋದ ಮೇಲೆ ನಾನು ಬೇಡ ಎಂದೆ.

ಎರಡನೆಯವನು ಬಸ್ರೂರಿನವನು. ಅದೇ ಬೀಸಣಿಗೆ. "ಚಂದ ಇತ್ತಲೆ ಪೆನ್ನು" ಎಂದೆ. "ದುಬಾಯಂಗೆ ಇಪ್ಪ ನಮ್ಮಣ್ಣ ಕಳ್ಸದ್ದ್" ಎಂದ, ಕಣ್ಣು ಮಿಟುಕಿಸದೆ. ಕೇಳಿದೆ, ಕೊಟ್ಟ, ಬರೆಯಲಿಲ್ಲ. "ತನ್ನಿ ಇಲ್ಲಿ" ಎಂದು ಅವನೇ ತೆಗೆದುಕೊಂಡು ಜಾಡಿಸಿದ. ಇನ್ನೂ ಜೋರಾಗಿ ಜಾಡಿಸಿದ. ಹಿಂಬದಿಗೆ ಸಿಕ್ಕಿಸಿದ್ದ ಮುಚ್ಚಳ ಹಾರಿ, ಚಾವಡಿಯ ಅರ್ಧ ದಾಟಿ, ಗೋಳಿಬಜೆಯ ಚಟ್ನಿಯಲ್ಲಿ ಮುಳುಗಿತು. "ಅಯ್ಯೋ ನನ್ ಪೆನ್ನೇ!" ಎಂದು ಎದ್ದು ಓಡಿದವರು ಹುಡುಗ ಅಲ್ಲ, ಮಾವಯ್ಯ. ಆಮೇಲೆ ಎಲ್ಲರೂ ಸೇರಿ ಏನೂ ಕೇಳಿಸದವರ ಹಾಗೆ ಮಳೆಯ ವಿಷಯ ಮಾತಾಡಿದರು.

ಅವನೂ ಬೇಡ ಎಂದು ನಾನು ಹೇಳಿದಾಗ ಮನೆಯಲ್ಲಿ ಗಾಳಿ ಬದಲಾಯಿತು. ಅಮ್ಮ ಪಾತ್ರೆಗಳನ್ನು ಇಡುವ ಸದ್ದೇ ಬೇರೆಯಾಯಿತು. "ಪೆನ್ನಂಗೆ ಶಾಯಿ ಇಲ್ಲೆ ಅಂದೇಳಿ ಗಂಡ್ ಬೇಡ ಅಂಬುದ್ ಎಲ್ಲಾರೂ ಕೇಂಡಿದ್ರಾ? ಪೆನ್ನಿನೊಟ್ಟಿಗ್ ಸಂಸಾರ ಮಾಡ್ತ್ಯಾ?" ಅಪ್ಪಯ್ಯ ಬೈಯಲಿಲ್ಲ. ಬೈಯುವುದಕ್ಕಿಂತ ಕೆಟ್ಟದಾಗಿ, ಮೆಲ್ಲಗೆ ಹೇಳಿದರು: "ಇನ್ನೊಂದ್ ಸಮ್ಮಂಧ ಬಪ್ಪುಕಿತ್ತ್. ಇದೂ ತಪ್ರೆ ಜನ ನಿಂಗೇ ಎಂತದೋ ಇತ್ತ್ ಅಂಬ್ರ್." ನಾನು ಹೊರಗೆ ಎಷ್ಟು ಹಲ್ಲು ಕಿರಿದರೂ ಒಳಗೆ ಹೆದರಿದ್ದೆ. ಸುಳ್ಳು ಹೇಳುವವನನ್ನು ಕಟ್ಟಿಕೊಳ್ಳುವುದೋ, ಅಪ್ಪಯ್ಯನ ತಲೆ ತಗ್ಗಿಸುವುದೋ. ಮಧ್ಯದ ದಾರಿ ನನಗೆ ಕಾಣುತ್ತಿರಲಿಲ್ಲ.

ಮೂರನೆಯವರು ಬಂದರು, ಉಪ್ಪುಂದದಿಂದ. ಇನ್ನು ನಾನು ಅವರನ್ನು ಏಕವಚನದಲ್ಲಿ ಕರೆಯುವ ಹಾಗಿಲ್ಲ, ಈ ಅಂಗಿಯ ಯಜಮಾನರು ಅವರೇ.

ಬಿಳಿ ಅಂಗಿ, ಬಿಳಿ ಪ್ಯಾಂಟು. ಚಾವಡಿಗೆ ಬರುವಾಗಲೇ ಬಲಗೈ ಅಂಗೈಯನ್ನು ಎಡ ಎದೆಯ ಮೇಲೆ ಒತ್ತಿಕೊಂಡಿದ್ದರು. ಅಪ್ಪಯ್ಯ ಎರಡೂ ಕೈ ಜೋಡಿಸಿದರೆ ಇವರು ಕೈ ತೆಗೆಯದೆ ಹಾಗೇ ಬಗ್ಗಿದರು. ಕೂತರು, ಕೈ ಎದೆಯ ಮೇಲೆ. ಅಪ್ಪಯ್ಯ ಊರು, ಕೆಲಸ, ದೋಣಿ ಎಂದು ವಿಚಾರಿಸಿದರು, ಇವರು ಉತ್ತರಿಸಿದರು, ಕೈ ಎದೆಯ ಮೇಲೆ. ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರಕ್ಕೆ ಒಂದು ನಿಯಮ ಉಂಟು. ಹುಡುಗ ತಿಂಡಿ ಮುಟ್ಟಿದರೆ ಮಾತು ಮುಂದೆ ಹೋಗಬಹುದು, ಮುಟ್ಟದಿದ್ದರೆ ಚಪ್ಪಲಿ ಹುಡುಕುತ್ತಿದ್ದಾನೆ ಎಂದೇ ಅರ್ಥ. ಬಲಗೈ ಎದೆಯಲ್ಲಿ ಸಿಕ್ಕಿಬಿದ್ದಿದೆ. ಎಡಗೈಯಲ್ಲಿ ತಗೊಂಡರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

"ಕಾಪಿ ತಕಣಿ" ಎಂದರು ಅಪ್ಪಯ್ಯ.

"ಅಭ್ಯಾಸ ಇಲ್ಲೆ."

"ಹಂಗಾರ್ ಚಾ ಮಾಡ್ಸುವ."

"ಅದೂ ಕುಡಿತಿಲ್ಲೆ."

"ಬೊಂಡ ಕೆತ್ಸಲಾ?" ಎಂದು ಅಪ್ಪಯ್ಯ ಎಳನೀರಿಗೂ ಇಳಿದರು.

"ಬ್ಯಾಡ, ಬ್ಯಾಡ."

ಒಳಗಿನ ಬಾಗಿಲ ಸಂದಿಯಿಂದ ಅಮ್ಮಮ್ಮನ ಪಿಸುಮಾತು ಇಡೀ ಚಾವಡಿಗೆ ಕೇಳಿಸಿತು. "ಹಂಗಾರ್ ಆ ಗಂಡ್ ಕುಡೂದ್ ಎಂತದನ್ನ?"

ನಾನು ತಟ್ಟೆ ಹಿಡಿದು ಹತ್ತಿರ ಹೋದೆ. ಬೆರಳ ಸಂದಿಯಲ್ಲಿ ಬೀಸಣಿಗೆ ಕಂಡಿತು. ಸರಿ, ಇವರೂ ಅದೇ ಗಿರಾಕಿ ಎಂದು ಮನಸ್ಸು ಮುದುಡಿತು. ಅಷ್ಟರಲ್ಲಿ ಅವರ ಮಣಿಗಂಟಿನಿಂದ ಒಂದು ನೀಲಿ ಗೆರೆ ಮೆಲ್ಲಗೆ ಇಳಿದು ತೋಳಿನ ಮಡಿಕೆಯೊಳಗೆ ಹೋಯಿತು. ಇನ್ನೊಂದು ಹನಿ ಬಿಳಿ ಪ್ಯಾಂಟಿನ ಮೇಲೆ ಬಿತ್ತು. ಅವರು ಮೊಣಕೈ ಸರಿಸಿ ಅದನ್ನು ಮುಚ್ಚಿದರು. ಹಣೆಯಲ್ಲಿ ಬೆವರು ಕಿತ್ತು ಬರುತ್ತಿತ್ತು.

ನನಗೆ ಎಲ್ಲ ತಿಳಿಯಿತು. ಈ ಮಾರಾಯರು ಪೆನ್ನಿಗೆ ಶಾಯಿ ತುಂಬಿದ್ದಾರೆ! ಅದು ಸೋರುತ್ತಿದೆ. ಕೈ ತೆಗೆದರೆ ನೀಲಿ ಅಂಗೈ, ನೀಲಿ ಜೇಬು. ಪೆನ್ನು ಹೊರಗೆ ಬಂದರೆ ಶಾಯಿ ಹಾಕಿದ್ದು ಮಾವಯ್ಯನಿಗೆ ಗೊತ್ತಾಗಿ ಅಲ್ಲೇ ಕುರುಕ್ಷೇತ್ರ. ಬಾಯಿಗೆ ಬಂದದ್ದನ್ನು ತಡೆಯಲು ನನ್ನಿಂದಾಗಲಿಲ್ಲ.

"ಒಂಚೂರ್ ಪೆನ್ ಕೊಡ್ತ್ರಿಯಾ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಕಸಾಯಿಖಾನೆಯ ಆಡು ನೋಡುವ ಹಾಗೆ. "ಬರಿತ್ತ್" ಎಂದರು. "ಚಂದ ಬರಿತ್ತ್. ಆರೆ ಈಗ ಕೊಡುಕ್ ಆತಿಲ್ಲೆ."

ಬರೆಯುತ್ತದೆ, ಆದರೆ ಈಗ ಕೊಡಲಾಗುವುದಿಲ್ಲ! ಸುಳ್ಳಿಲ್ಲದ ಅದೊಂದು ಮಾತಿಗೆ ನಾನು ಬಿದ್ದೆ. ನಿಜವಾಗಿಯೂ ಹೇಳುತ್ತೇನೆ, ಅಲ್ಲೇ, ಕಾಪಿ ತಟ್ಟೆ ಹಿಡಿದುಕೊಂಡೇ ನನಗೆ ಈ ಮನುಷ್ಯ ಬೇಕು ಅನಿಸಿತು. ಆದರೆ ನಗು ಒತ್ತಿ ಬಂದು, ತಟ್ಟೆ ಅಲ್ಲೇ ಇಟ್ಟು ಅಡುಗೆಮನೆಗೆ ಓಡಿದೆ. ಹುಡುಗಿ ಮುಖಕ್ಕೆ ನಕ್ಕು ಓಡಿದಳು, ಹುಡುಗ ಒಂದು ಹನಿ ನೀರೂ ಮುಟ್ಟಲಿಲ್ಲ. ಎರಡು ಕಡೆಯೂ ಇಲ್ಲ ಎಂದ ಹಾಗೆ ಲೆಕ್ಕ. ಅವರು ಕೈ ಎದೆಯ ಮೇಲಿಟ್ಟುಕೊಂಡೇ ಅಂಗಳ ಇಳಿದರು.

ಅಪ್ಪಯ್ಯ ಹುಡುಗರನ್ನು ನೋಡುವುದೂ ಮೀನು ನೋಡುವ ಹಾಗೆಯೇ, ಕಣ್ಣು ಕಿವಿರು ಎಲ್ಲ ತಪಾಸಣೆ. ಆ ದಿನ ತೀರ್ಪು ಕೊಡಲು ತಡವಾಗಲಿಲ್ಲ. "ಗಂಡ್ ಒಳ್ಳೆದೇ. ಎದಿ ಸಮ ಇಲ್ಲೆ. ಬಂದಲ್ಲಿಂದ ಹೋಪಲ್ಲಿವರಿಗೆ ಕೈ ತೆಗಿಲಿಲ್ಲೆ. ಬೆವರ್ ಕಂಡ್ರಿಯಾ? ಕಾಪಿ, ಚಾ ಯಾವ್ದೂ ಆಗ, ಡಾಕ್ಟ್ರ್ ಬ್ಯಾಡ ಅಂದಿರ್ಕ್."

"ಎಂತ ಮಾತಾಡ್ತೆ ಭಾವ? ಒಬ್ನೇ ಇಂಜಿನ್ ಹೆಗ್ಲ್ ಮೇಲ್ ಹಾಕಿ ಕಡಲ ಬದಿ ಹೊಯ್ಗಿ ಮೇಲ್ ನೆಡಿತಾ!" ಎಂದರು ಮಾವಯ್ಯ.

"ಅದ್ಕೇ ಎದಿಗ್ ಪೆಟ್ಟ್ ಬಿದ್ದದ್ದ್."

ಮಾತು ಮನೆಯೊಳಗೆ ಉಳಿದಿದ್ದರೆ ಚಿಂತೆ ಇರಲಿಲ್ಲ. ಮೀನು ಮಾರ್ಕೆಟ್ಟಿಗೆ ಹೋಯಿತು. ಅಲ್ಲಿಂದ ಬುಟ್ಟಿಗಳ ಜೊತೆ ಬಸ್ಸು ಹತ್ತಿತು. ತ್ರಾಸಿ ದಾಟುವಾಗ ಹುಡುಗನ ಎದೆ ದುರ್ಬಲ ಆಗಿದ್ದದ್ದು, ಮರವಂತೆ ದಾಟುವಾಗ ಎದೆಯಲ್ಲಿ ತೂತು ಬಿತ್ತು, ಉಪ್ಪುಂದ ಮುಟ್ಟುವಾಗ ಆಪರೇಷನ್ನೂ ಆಗಿ ಫೇಲಾಗಿತ್ತು. ದೋಣಿಯವರು ಇಂಜಿನ್ ಕೆಟ್ಟರೆ ಇವರನ್ನು ಕರೆಯಲು ಹಿಂದೆಮುಂದೆ ನೋಡತೊಡಗಿದರು. ನಡುನೀರಿನಲ್ಲಿ ಏನಾದರೂ ಆದರೆ ಹೊಣೆ ಯಾರು? ಮಾರ್ಕೆಟ್ಟಿನಿಂದ ಬಂದ ಹೆಂಗಸೊಬ್ಬರು ಇದನ್ನು ಅಮ್ಮನ ಹತ್ತಿರ ಹೇಳುವಾಗ ನಾನು ತೆಂಗಿನಕಾಯಿ ತುರಿಯುತ್ತಿದ್ದೆ. ನಗು ನಿಂತುಹೋಯಿತು. ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಬೀಳುತ್ತಿದೆ, ಸತ್ಯ ಗೊತ್ತಿರುವವಳು ನಾನೊಬ್ಬಳೇ.

ಮಾವಯ್ಯನ ಹತ್ತಿರ ಹೋದೆ. ಪೆನ್ನಿನ ಗುಟ್ಟು ಅವರದ್ದು, ಅದನ್ನು ಅವರೇ ಬಿಚ್ಚಬೇಕು ಎಂದು ನನ್ನ ನ್ಯಾಯ. "ಮಾವಯ್ಯ, ಆ ಗಂಡಿನ ಎದೆ ಸಮ ಇತ್ತ್. ಅವ್ರ್ ನಿಮ್ ಪೆನ್ನಿಗೆ ಶಾಯಿ ಹಾಕಿರ್, ಅದ್ ಸೋರಿತ್."

ಮಾವಯ್ಯ ಕುರ್ಚಿಯಿಂದ ಎದ್ದು ನಿಂತರು. ಕಣ್ಣು ಅಗಲವಾಯಿತು, ಮೀಸೆ ನಡುಗಿತು. ಅವರು ಪ್ರಾಯದಲ್ಲಿ ಊರ ಹವ್ಯಾಸಿ ಯಕ್ಷಗಾನ ಮೇಳದಲ್ಲಿ ರಾಕ್ಷಸರ ಬಣ್ಣದ ವೇಷ ಕಟ್ಟಿದವರು, ಸಿಟ್ಟು ಬಂದರೆ ಚೆಂಡೆ ಒಂದು ಕಡಿಮೆ ಅಷ್ಟೆ.

"ಶಾಯಿಯಾ? ನನ್ ಪೆನ್ನಿಗ್ ಶಾಯಿಯಾ? ಯಾರನ್ ಕೇಂಡ್ ಹಾಕ್ದ ಅವ? ಇನ್ ಅವ್ನ್ ಮುಖ ಕಾಂತಿಲ್ಲೆ ನಾನ್!"

"ಅದಲ್ಲ ಮಾವಯ್ಯ, ಅಪ್ಪಯ್ಯಂಗೆ ಒಂದ್ ಮಾತ್..."

"ನಾ ಹೇಳುದಿಲ್ಲೆ! ಬೇಕಾರ್ ನೀನೇ ಹೇಳ್!"

ಬೇರೆ ದಾರಿ ಇಲ್ಲದೆ ನಾನೇ ಅಪ್ಪಯ್ಯನ ಮುಂದೆ ನಿಂತೆ. ಮದುವೆಯ ವಿಷಯ ಹೆಣ್ಣುಮಗಳು ಬಾಯಿಬಿಟ್ಟು ಹೇಳುವ ಕಾಲ ಅಲ್ಲ ಅದು. "ನಂಗೆ ಒಪ್ಪಿಗಿ ಇತ್ತ್" ಎಂದೆ. "ಎದಿ ಕಾಂಬುದ್ ಬ್ಯಾಡ ಅಪ್ಪಯ್ಯ. ಅವ್ರ್ ಅಂಗೈ ಒಂದ್ ಸಲ ಕಾಣಿ." ಅಪ್ಪಯ್ಯ ಮಾರನೇ ದಿನ ಮೀನಿನ ಕೆಲಸ ಬಿಟ್ಟು ಉಪ್ಪುಂದದ ಬಸ್ಸು ಹತ್ತಿದರು. ಆ ದಿನ ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ ಎಂದು ಅಮ್ಮ ಈಗಲೂ ಹೇಳುತ್ತಾರೆ.

ಸಂಜೆ ಅಪ್ಪಯ್ಯ ಬಂದರು. ಕಾಲು ತೊಳೆದರು. ಕೂತರು. ಅಮ್ಮ, ಅಮ್ಮಮ್ಮ, ನಾನು, ಮೂವರೂ ಬಾಗಿಲಲ್ಲಿ. ಅಪ್ಪಯ್ಯ ನೀರು ಕುಡಿದು ಚೊಂಬು ಕೆಳಗಿಟ್ಟರು.

"ಎದಿ ಸಮ ಇತ್ತ್" ಎಂದರು. "ಅಂಗಿ ಹಾಳಾಯ್ತ್."

ಅಷ್ಟು ಹೇಳಿ ನಗಲು ಶುರು ಮಾಡಿದವರು ಹೊಟ್ಟೆ ಹಿಡಿದುಕೊಂಡರು. ಇವರ ಮನೆಯ ಅಂಗಳ ಹತ್ತುವಾಗಲೇ ಕಟ್ಟಿದ ಹಗ್ಗದ ಮೇಲೆ ಬಿಳಿ ಅಂಗಿ ಹಾರುತ್ತಿತ್ತಂತೆ, ಜೇಬಿನ ಜಾಗದಲ್ಲಿ ನೀಲಿ ಪೆಟ್ಟು. ಅತ್ತೆಯವರು ಅದರ ಕೆಳಗೆ ನಿಂತು ಮಗನಿಗೆ ಮಂತ್ರಾರ್ಚನೆ ಮಾಡುತ್ತಿದ್ದರಂತೆ. ಅಂಗೈ ಸೀಮೆಎಣ್ಣೆ ಹಾಕಿ ತಿಕ್ಕಿದರೂ ನೇರಳೆ ಹಣ್ಣು ಹಿಂಡಿದ ಹಾಗೆಯೇ ಇತ್ತಂತೆ. ದೋಣಿ ಇಂಜಿನ್ ಬಿಚ್ಚುವವನಿಗೆ ಪೆನ್ನು ಯಾವ ಲೆಕ್ಕ ಎಂದು ಬಿಚ್ಚಿ, ತೊಳೆದು, ಶಾಯಿ ತುಂಬಿ, ತಿರುಗಿ ಜೋಡಿಸಿದಾಗ ಒಂದು ರಬ್ಬರಿನ ಉಂಗುರ ಹೆಚ್ಚಾಗಿ ಉಳಿಯಿತಂತೆ. ಯಾವ ಮೆಕ್ಯಾನಿಕ್ಕೂ ಬಿಚ್ಚಿದ್ದನ್ನು ಜೋಡಿಸಿದಾಗ ಏನಾದರೊಂದು ಉಳಿಯಲೇಬೇಕು. ಅದನ್ನು ಸ್ಕ್ರೂ ಡಬ್ಬಿಗೆ ಹಾಕಿ, ಪೆನ್ನನ್ನು ಜೇಬಿಗೆ ಹಾಕಿ, ಹೆಣ್ಣು ನೋಡಲು ಹೊರಟಿದ್ದರು.

"ಭಾವನ್ ಪೆನ್ನ್ ಅಂದೇಳಿ ನಂಗ್ ಮೊದ್ಲಿಂದ್ಲೂ ಗೊತ್ತಿತ್ತ್" ಎಂದರು ಅಪ್ಪಯ್ಯ. "ಊರಿಗೇ ಗೊತ್ತಿತ್ತ್. ಯಾರೂ ಹೇಳುದಿಲ್ಲೆ. ಯಾರ್ ಹೇಳ್ತ್ರ್? ಎಲ್ರ್ ಮನಿಯಂಗೂ ಅದನ್ ಹಾಕ್ಕಂಡ್ ಹೋಯ್ ಬಂದ ಅಳಿಯ ಒಬ್ನಾರೂ ಇದ್ದ."

ಮದುವೆಯಾಯಿತು. ಆ ನೀಲಿ ಜೇಬಿನ ಅಂಗಿಯನ್ನು ನಾನೂ ಎಷ್ಟೋ ಸಲ ಒಗೆದೆ, ಕಲೆ ಹೋಗಲಿಲ್ಲ. ಗಾಳಿಸುದ್ದಿ ಹೇಗೆ ಬಸ್ಸು ಹತ್ತಿತ್ತೋ ಹಾಗೆಯೇ ನಗೆಯೂ ಬಸ್ಸು ಹತ್ತಿ, ಇವರಿಗೆ ಮೊದಲಿನ ಎರಡರಷ್ಟು ಕೆಲಸ ಬಂತು. ಮಾವಯ್ಯ ಮದುವೆಯ ದಿನವೂ, ಆಮೇಲೂ ಇವರ ಜೊತೆ ಮುಖ ಊದಿಸಿಕೊಂಡೇ ಮಾತಾಡಿದರು. ನಾನಂತೂ ಇಷ್ಟು ವರ್ಷ ಎಲ್ಲರ ಮುಂದೆ ಕೊಚ್ಚಿಕೊಂಡೆ: "ನಮ್ಮ ಅಪ್ಪಯ್ಯನೂ ಅಲ್ಲ, ಮಾವಯ್ಯನೂ ಅಲ್ಲ, ನನ್ನ ಗಂಡನನ್ನು ಆರಿಸಿದ್ದು ನಾನು. ಖಾಲಿ ಪೆನ್ನು ಸಿಕ್ಕಿಸಿಕೊಂಡು ಬಂದವರ ನಡುವೆ ಶಾಯಿ ತುಂಬಿಸಿಕೊಂಡು ಬಂದ ಒಬ್ಬರೇ ಒಬ್ಬ ಗಂಡಸು." ಮಗಳಿಗೆ ಈ ಕಥೆ ಬಾಯಿಪಾಠ.

ಭಾನುವಾರ ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ನಾನು ಅಂಗಿಯನ್ನು ಬಡಿಸುವ ಮಣೆಯ ಪಕ್ಕದಲ್ಲೇ ಇಟ್ಟಿದ್ದೆ. "ಇದೆಂತ?"

ಇವರು ಕಳ್ಳ ಸಿಕ್ಕಿಬಿದ್ದ ಹಾಗೆ ನಿಂತರು. ಒಳಗೆ ಹೋಗಿ ಸ್ಪ್ಯಾನರಿನ ಪೆಟ್ಟಿಗೆಯಿಂದ ಹಳೆ ಬನಿಯನ್ನಿನಲ್ಲಿ ಸುತ್ತಿದ್ದನ್ನು ತಂದರು. ಬಿಚ್ಚಿದರೆ ಅದೇ ಸೂರ್ಯ, ಅದೇ ಮೆಟ್ಟಿಲು, ಅದೇ ಬೀಸಣಿಗೆ. ಹೊಳಪು ಸ್ವಲ್ಪ ಮಾಸಿದೆ, ಗತ್ತು ಮಾಸಿಲ್ಲ. ಮೊನ್ನೆ ಕೋಡಿಗೆ ಹೋದಾಗ ಮಾವಯ್ಯ ಕೊಟ್ಟರಂತೆ. "ಇನ್ ಹೆಣ್ಣ್ ಕಾಂಬುಕೆ ಹೋಪು ಗಂಡುಗ್ಳಿಗೆ ಪೆನ್ ಬ್ಯಾಡ, ಮೊಬೈಲ್ ಸಾಕ್. ಇದ್ ನಮ್ ಹೆಣ್ಣಿಗ್ ಕೊಡ್" ಎಂದರಂತೆ. ಇವರು ಡಬ್ಬಿಯಲ್ಲಿ ಇಷ್ಟು ವರ್ಷ ಕಾದಿದ್ದ ರಬ್ಬರಿನ ಉಂಗುರವನ್ನು ಹುಡುಕಿ ಹಾಕಿ, ಶಾಯಿ ತುಂಬಿಸಿ, ಸರಿಯಾಯಿತು ಎಂದು ಜೇಬಿಗೆ ಹಾಕಿಕೊಂಡರಂತೆ. ಉಂಗುರ ಗಟ್ಟಿಯಾಗಿ ಹೋಗಿತ್ತು.

"ಆಗ್ಳೂ ಸೋರ್ಸದ್ರಿ, ಈಗ್ಳೂ ಸೋರ್ಸದ್ರಿ" ಎಂದು ನಾನು ನಕ್ಕೆ. "ಆರೂ ಅವತ್ತ್ ಯಾರೂ ಹೇಳ್ದೇ ಶಾಯಿ ಹಾಕ್ದವ್ರ್ ನೀವೊಬ್ರೇ."

ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಒಂದ್ ಮಾತ್ ಹೇಳ್ತೆ, ಬೈಬೇಡ. ಶಾಯಿ ಹಾಕುಕೆ ಹೇಳದ್ದೇ ಮಾವಯ್ಯ."

"ಯಾರ್?"

"ಮಾವಯ್ಯ. ಹಿಂದಿನ ದಿನ ಉಪ್ಪುಂದಕ್ಕೇ ಬಂದಿರ್, ಶಾಯಿ ಬಾಟ್ಲಿ ಹಿಡ್ಕಂಡ್. 'ನಮ್ ಹೆಣ್ಣ್ ಪೆನ್ ಕೇಂತ್. ಬರೀದಿದ್ರೆ ನಿನ್ನನ್ನೂ ಓಡ್ಸತ್. ಇದನ್ ಬಿಚ್ಚಿ, ಸಮ ಮಾಡಿ, ಬರೂ ಹಾಂಗ್ ಮಾಡ್' ಅಂದ್ರ್. ಕೊಡುವತಿಗೆ ಪೆನ್ನನ್ ಮೂರ್ ಸಲ ಒರ್ಸಿರ್."

ಆ ಕುರ್ಚಿಯಿಂದ ಎದ್ದದ್ದು, ಆ ಕಣ್ಣು, ಆ ಮೀಸೆ, ನೀನೇ ಹೇಳು ಎಂದು ನನ್ನನ್ನು ಅಪ್ಪಯ್ಯನ ಮುಂದೆ ತಳ್ಳಿದ್ದು, ಇಪ್ಪತ್ತು ವರ್ಷದ ಮುಖ ಊದಿಸುವಿಕೆ, ಎಲ್ಲ ವೇಷವೇ?

"ಇಷ್ಟ್ ವರ್ಷ ಎಂತಕೆ ಹೇಳ್ಲಿಲ್ಲ ನೀವ್?"

"ಮದ್ವಿ ದಿನ ಕಿವಿಯಂಗೆ ಹೇಳಿರ್. 'ಹೆಣ್ಣಿಗ್ ಹೇಳ್ಬೇಡ. ಅವ್ಳೇ ಆರ್ಸಿದ್ದ್ ಅಂದ್ಕಂಡ್ ಖುಷಿಯಂಗೆ ಇರ್ಲಿ' ಅಂದೇಳಿ."

ಮೋಸ! ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಮೂಗು ಚುರ್ ಎಂದಿತು. ಪಾರ್ಸಿ ಮುದುಕ ಕೊಟ್ಟ ಪೆನ್ನಿಗೆ ಶಾಯಿಯ ಗಾಳಿಯೂ ಸೋಕದ ಹಾಗೆ ಕಾದವರು, ನನ್ನ ಒಂದು ಕಿಡಿಗೇಡಿತನಕ್ಕೆ, ನನಗೊಂದು ಸಂಸಾರ ಆಗಲಿ ಎಂದು, ಬಾಟಲಿ ಹಿಡಿದು ಉಪ್ಪುಂದದವರೆಗೆ ಬಸ್ಸಿನಲ್ಲಿ ಹೋಗಿದ್ದರು. ಆಮೇಲೆ ನಾನು ಆರಿಸಿದೆ ಎಂದು ಜಂಬ ಪಡಲಿಕ್ಕೂ ಬಿಟ್ಟಿದ್ದರು. ಮಾವಯ್ಯನಿಗೆ ಈಗ ಎಂಬತ್ತು ದಾಟಿದೆ. ಈ ಇಷ್ಟು ವರ್ಷದಲ್ಲಿ ನಾನು ಅವರಿಗೆ ಒಂದು ಒಳ್ಳೆಯ ಮಾತು ಹೇಳಿದ್ದೇನೋ ಇಲ್ಲವೋ.

ಬಡಿಸುವುದನ್ನು ಬಿಟ್ಟು, ಪೆನ್ನು ಹಿಡಿದುಕೊಂಡೇ ಕೋಡಿಗೆ ಫೋನು ಮಾಡಿದೆ. ಕೋಡಿಯ ಅತ್ತೆ ಎತ್ತಿ ಮಾವಯ್ಯನಿಗೆ ಕೊಟ್ಟರು.

"ಮಾವಯ್ಯ, ಪೆನ್ನ್ ಸಿಕ್ತ್. ಒಂದ್ ಕೇಂಬುಕಿತ್ತ್. ಇದಕ್ಕೆ ಶಾಯಿ ಹಾಕ್ಲಕ್ಕಾ?"

ಆ ಕಡೆಯಿಂದ ಅದೇ ಹಳೆ ಕೆಮ್ಮು.

"ಶಾಯಿ ಕಂಡ್ರೆ ಪೆನ್ನಿನ ಮರ್ಯಾದಿ ಹೋತ್ ಹೆಣೆ" ಎಂದರು. ವೇಷ ಕಳಚಲೇ ಇಲ್ಲ ಮುದುಕ. "ಆರೆ ನಿನ್ ಕೈಯಂಗಾರ್ ಹೋಯ್ಲಿ. ಅಡ್ಡಿಲ್ಲೆ."

"ಬತ್ತೆ ಮಾವಯ್ಯ, ಬಪ್ಪು ವಾರ ಬತ್ತೆ" ಎಂದಷ್ಟೇ ಹೇಳಿ ಫೋನಿಟ್ಟೆ. ಅಳುವುದೋ ನಗುವುದೋ ತಿಳಿಯದೆ ಪೆನ್ನು ಹಿಡಿದಿದ್ದ ಕೈಯನ್ನು ಹಾಗೇ ಎದೆಯ ಮೇಲೆ ಒತ್ತಿಕೊಂಡು ನಿಂತಿದ್ದೆ. ಕೈ ತೊಳೆದು ಬಂದ ಇವರು ಬಾಗಿಲಲ್ಲೇ ಗಾಬರಿಯಾಗಿ ನಿಂತರು.

"ಎಂತ? ಎದಿ ಸಮ ಇಲ್ಯಾ?"

ಕೈ ತೆಗೆದು ನೋಡಿದೆ. ತಿಳಿ ಹಳದಿ ಸೀರೆಯ ಮೇಲೆ ಐದೂ ಬೆರಳು ನೀಲಿಯಾಗಿ ಮೂಡಿದ್ದವು.

"ಎದಿ ಸಮ ಇತ್ತ್" ಎಂದೆ. "ಸೀರಿ ಹಾಳಾಯ್ತ್."